ಓದುಗರ ಪ್ರಶ್ನೆ: ಕೈ ಚಾಚುವಾಗ ಬೆನ್ನಿಗೇನು ಕೆಲಸ?

ಪ್ರಶ್ನೆ: ಎಂಟು ತಿಂಗಳ ಹಿಂದೆ ನಮ್ಮ ತಂದೆಯವರಿಗೆ ಪಾರ್ಶ್ವವಾಯು ಬಡಿದು ಬಲಗೈ ಸ್ವಾಧೀನ ತಪ್ಪಿತ್ತು. ಈಗ ಮೇಜಿನ ಮೇಲಿನ ಲೋಟವನ್ನು ಅದೇ ಕೈಯಿಂದ ತೆಗೆದುಕೊಳ್ಳುತ್ತಾರೆ. ಆದರೆ ಲೋಟ ಎರಡು ಗೇಣು ದೂರದಲ್ಲಿದ್ದರೂ ಇಡೀ ಮೈಯನ್ನೇ ಮುಂದಕ್ಕೆ ಬಗ್ಗಿಸುತ್ತಾರೆ. ಫಿಸಿಯೋಥೆರಪಿಸ್ಟ್ ಅವರ ಎದೆಗೆ ಅಗಲವಾದ ಪಟ್ಟಿ ಸುತ್ತಿ ಕುರ್ಚಿಯ ಬೆನ್ನಿಗೆ ಕಟ್ಟಿ ಅಭ್ಯಾಸ ಮಾಡಿಸುತ್ತಾರೆ. ಲೋಟ ಹೇಗೂ ಕೈಗೆ ಸಿಗುತ್ತಿರುವಾಗ ಈ ಕಟ್ಟು ಏಕೆ? – ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೊದಲು ಆರೋಗ್ಯವಂತರ ಕೈ ಹೇಗೆ ಚಾಚುತ್ತದೆ ಎಂಬುದನ್ನು ನೋಡೋಣ. ಲೋಟ ಹತ್ತಿರವಿದ್ದರೆ ಭುಜ ಮತ್ತು ಮೊಣಕೈಗಳೇ ಕೆಲಸ ಮುಗಿಸುತ್ತವೆ. ಲೋಟವನ್ನು ದೂರ ದೂರ ಸರಿಸುತ್ತ ಹೋದರೆ, ಮೊಣಕೈ ಪೂರ್ತಿ ನೆಟ್ಟಗಾಗುವ ಮೊದಲೇ ಸೊಂಟದಿಂದ ಮೇಲಿನ ಮೈ ಮುಂದಕ್ಕೆ ಬರತೊಡಗುತ್ತದೆ. ಏಕೆಂದರೆ ತೋಳನ್ನು ಕೊನೆಯ ಅಂಚಿನವರೆಗೂ ಚಾಚಿ ಹಿಡಿಯುವುದಕ್ಕಿಂತ ಬೆನ್ನನ್ನು ತುಸು ಬಾಗಿಸುವುದು ದೇಹಕ್ಕೆ ಸಲೀಸು.

ಇಲ್ಲೊಂದು ಲೆಕ್ಕದ ತೊಡಕಿದೆ. ಬೆನ್ನು ಬಾಗಿದಷ್ಟೂ ಭುಜ ಮುಂದೆ ಹೋಗುತ್ತದೆ, ಭುಜದ ಜೊತೆ ಕೈಯೂ ಹೋಗುತ್ತದೆ. ತೋಳು ತನ್ನ ಪಾಡಿಗೆ ಚಾಚಿಕೊಂಡರೆ ಕೈ ಲೋಟವನ್ನು ದಾಟಿ ಅದನ್ನು ಉರುಳಿಸಬೇಕಿತ್ತು. ಹಾಗಾಗುವುದಿಲ್ಲ. ಬೆನ್ನು ಕೊಟ್ಟದ್ದನ್ನು ಭುಜ ಮತ್ತು ಮೊಣಕೈಗಳು ಕಳೆಯುತ್ತ ಬರುತ್ತವೆ. ಇದನ್ನು ಕಣ್ಣಾರೆ ನೋಡಬೇಕೆಂದರೆ ಮೇಜಿನ ಮೇಲೆ ಒಂದು ಚುಕ್ಕೆ ಇಟ್ಟು, ಅದರ ಮೇಲೆ ತೋರುಬೆರಳನ್ನು ಹಗುರಾಗಿ ಊರಿ, ಕುಳಿತಲ್ಲೇ ಹಿಂದಕ್ಕೂ ಮುಂದಕ್ಕೂ ತೂಗಾಡಿ. ಬೆರಳು ಚುಕ್ಕೆ ಬಿಟ್ಟು ಕದಲುವುದಿಲ್ಲ. ಮೊಣಕೈ ಮಾತ್ರ ಮಡಚುತ್ತ, ಬಿಚ್ಚುತ್ತ ಇರುತ್ತದೆ, ಅದಕ್ಕೆ ನೀವು ಯಾವ ಅಪ್ಪಣೆಯನ್ನೂ ಕೊಟ್ಟಿರುವುದಿಲ್ಲ.

ಭುಜದಿಂದ ಮಣಿಕಟ್ಟಿನವರೆಗೆ ತೋಳು ಏಳು ಬಗೆಯಲ್ಲಿ ತಿರುಗಬಲ್ಲದು. ಬೆನ್ನು ಸೇರಿದರೆ ಬಗೆಗಳು ಇನ್ನೂ ಹೆಚ್ಚು. ಸೋವಿಯತ್ ಶರೀರವಿಜ್ಞಾನಿ ನಿಕೊಲಾಯ್ ಬರ್ನ್‌ಸ್ಟೈನ್ 1920ರ ದಶಕದಲ್ಲಿ ಮಾಸ್ಕೋದಲ್ಲಿ ಸುತ್ತಿಗೆ ಬೀಸುವ ಕುಶಲಕರ್ಮಿಗಳ ಚಲನೆಯನ್ನು ಚಿತ್ರೀಕರಿಸಿ ಅಳೆದಾಗ, ಕೀಲುಗಳ ಚಲನೆ ಪ್ರತಿ ಪೆಟ್ಟಿಗೂ ಬೇರೆಯಾಗುತ್ತಿದ್ದರೂ ಸುತ್ತಿಗೆಯ ತುದಿ ಸಾಗುವ ದಾರಿ ಅಷ್ಟಾಗಿ ಬದಲಾಗುತ್ತಿರಲಿಲ್ಲ. ಮುಂದೆ ದೇಹದ ಚಲನೆಯ ಸಂಶೋಧಕರಾದ ಅನಾಟೋಲ್ ಫೆಲ್ಡ್‌ಮನ್, ಮಿಂಡಿ ಲೆವಿನ್ ಮತ್ತು ಸಂಗಡಿಗರು, ಜನ ಮುಂದೆ ಬಾಗಿ ಕೈ ಚಾಚುತ್ತಿರುವಾಗಲೇ ಅವರ ಬೆನ್ನನ್ನು ಹೇಳದೆ ಕೇಳದೆ ತಡೆದು ನೋಡಿದರು. ಬೆನ್ನು ನಿಂತರೂ ಕೈ ಬಹುಮಟ್ಟಿಗೆ ಹಳೆಯ ದಾರಿಯಲ್ಲೇ ಸಾಗಿತು. ಭುಜ ಮತ್ತು ಮೊಣಕೈಗಳು ಸೆಕೆಂಡಿನ ಸಣ್ಣ ಪಾಲಿನಲ್ಲಿ ಲೆಕ್ಕ ಬದಲಿಸಿಕೊಂಡಿದ್ದವು. ಕೈ ಎಲ್ಲಿಗೆ ತಲುಪಬೇಕೆಂಬುದು ಮಿದುಳಿಗೆ ಮುಖ್ಯ. ಅದನ್ನು ಯಾವ ಕೀಲು ಎಷ್ಟು ತಲುಪಿಸಿತು ಎಂಬುದರಲ್ಲಿ ಅದು ಧಾರಾಳಿ.

ನಿಮ್ಮ ತಂದೆಯವರ ಮಿದುಳು ಮಾಡುತ್ತಿರುವುದೂ ಇದನ್ನೇ. ಪಾರ್ಶ್ವವಾಯುವಿನ ಬಳಿಕ ಹಲವರಲ್ಲಿ ಭುಜವನ್ನು ಎತ್ತಹೋದರೆ ಮೊಣಕೈ ತಾನಾಗಿ ಮಡಚಿಕೊಳ್ಳುತ್ತದೆ. ಎತ್ತುವುದು ಮತ್ತು ಬಿಚ್ಚುವುದು ಒಟ್ಟಿಗೆ ಕೂಡಿಬರುವುದಿಲ್ಲ. ಬಿಚ್ಚದ ಮೊಣಕೈಯ ಪಾಲನ್ನು ಬೆನ್ನು ಹೊತ್ತುಕೊಳ್ಳುತ್ತದೆ. ಜಾಣತನದ ಉಪಾಯವೇ ಸರಿ, ಆದರೆ ಅದು ರೂಢಿಯಾದರೆ ಮೊಣಕೈಯಲ್ಲಿ ಮರಳಬಹುದಾದ ಚಲನೆಗೆ ಅಭ್ಯಾಸವೇ ಸಿಗುವುದಿಲ್ಲ. ಪಟ್ಟಿ ಕಟ್ಟುವುದು ಆ ಅಡ್ಡದಾರಿಯನ್ನು ಮುಚ್ಚಲು. ಹೀಗೆ ಅಭ್ಯಾಸ ಮಾಡಿದವರಲ್ಲಿ ಮೊಣಕೈ ಹೆಚ್ಚು ಬಿಚ್ಚಿಕೊಂಡದ್ದನ್ನು ಲೆವಿನ್ ಅವರ ತಂಡದ ಅಧ್ಯಯನಗಳು ದಾಖಲಿಸಿವೆ.

ಪಟ್ಟಿ ಅಭ್ಯಾಸದ ಹೊತ್ತಿಗೆ ಮಾತ್ರ ಇರಲಿ, ಉಸಿರಾಟಕ್ಕೆ ಬಿಗಿಯಾಗದಿರಲಿ. ಲೋಟವನ್ನು ತೋಳಿನ ಅಳತೆಯೊಳಗೇ ಇಡಿ. ಅದಕ್ಕಿಂತ ದೂರವಿಟ್ಟು ‘ಬಗ್ಗಬೇಡಿ’ ಎನ್ನುವುದು ಅನ್ಯಾಯ, ಅಲ್ಲಿಗೆ ನಾನೂ ನೀವೂ ಬಗ್ಗಲೇಬೇಕು. ಊಟದ ಹೊತ್ತಿನಲ್ಲಿ ಅವರು ಬಾಗಿಯೇ ನೀರು ಕುಡಿದರೆ ಗದರಿಸಬೇಡಿ. ಮೊಣಕೈಯಲ್ಲಿ ಚಲನೆಯೇ ಮರಳದವರಿಗೆ ಬೆನ್ನಿನ ಈ ನೆರವನ್ನು ತಪ್ಪಿಸುವುದು ನನಗೆ ಸರಿಯೆನಿಸುವುದಿಲ್ಲ. ನಿಮ್ಮ ತಂದೆಯವರ ಸ್ಥಿತಿ ಯಾವುದೆಂದು ಕೈ ಮುಟ್ಟಿ ನೋಡಿದ ಫಿಸಿಯೋಥೆರಪಿಸ್ಟರೇ ಹೇಳಬೇಕು.

ಪ್ರಶ್ನೆ: ನಿಂತುಕೊಂಡು ಮೇಲಿನ ಶೆಲ್ಫಿಗೆ ಕೈ ಚಾಚಿದರೆ ನಮ್ಮ ಅತ್ತೆಯವರು ವಾಲುತ್ತಾರೆ. ಕೈಗೂ ಕಾಲಿಗೂ ಏನು ಸಂಬಂಧ? – ಓದುಗರೊಬ್ಬರು, ಹಾಸನ

ಉತ್ತರ: ಒಂದು ತೋಳಿನ ತೂಕ ಮೈತೂಕದ ಸುಮಾರು 5 ಶೇಕಡಾ. ಅಷ್ಟು ಭಾರ ಮುಂದಕ್ಕೆ ಚಾಚಿದಾಗ ದೇಹ ಮುಗ್ಗರಿಸದಂತೆ, ತೋಳು ಏಳುವ ಮೊದಲೇ ತೊಡೆಯ ಹಿಂಬದಿಯ ಮತ್ತು ಬೆನ್ನಿನ ಸ್ನಾಯುಗಳು ಬಿಗಿಯುತ್ತವೆ. ಕಾಲಿನ ಈ ಮುಂಜಾಗ್ರತೆಯನ್ನು ಸೋವಿಯತ್ ಸಂಶೋಧಕರು 1967ರಲ್ಲೇ ದಾಖಲಿಸಿದ್ದರು. ವಯಸ್ಸಾದಂತೆ ಈ ಸಿದ್ಧತೆ ತಡವಾಗಬಹುದು.

ನಿಂತು ಕೈ ಚಾಚುವಾಗಿನ ಸಮತೋಲವನ್ನು ಅಳೆಯಲು 1990ರಿಂದ ಬಳಕೆಯಲ್ಲಿರುವ ಸರಳ ಪರೀಕ್ಷೆಯೊಂದಿದೆ. ಗೋಡೆಯ ಪಕ್ಕ, ಅದಕ್ಕೆ ತಾಗದಂತೆ ನಿಂತು, ಮುಷ್ಟಿ ಕಟ್ಟಿದ ಕೈಯನ್ನು ಭುಜದ ಎತ್ತರಕ್ಕೆ ಎತ್ತಿ, ಹೆಜ್ಜೆ ಕೀಳದೆ ಎಷ್ಟು ಮುಂದಕ್ಕೆ ಚಾಚಬಲ್ಲರೆಂದು ನೋಡಬೇಕು. 25 ಸೆಂ.ಮೀ. ದಾಟಿದರೆ ಬೀಳುವ ಅಪಾಯ ಕಡಿಮೆ, 15 ಸೆಂ.ಮೀ.ಗಿಂತ ಕಡಿಮೆಯಾದರೆ ವೈದ್ಯರಿಗೆ ತೋರಿಸಿ. ಅಳೆಯುವಾಗ ಒಬ್ಬರು ಪಕ್ಕದಲ್ಲೇ ನಿಂತಿರಿ, ಮತ್ತು ಮೇಲಿನ ಶೆಲ್ಫಿನ ಡಬ್ಬಿಗಳನ್ನು ಇವತ್ತೇ ಕೆಳಗಿಳಿಸಿ.