ಕೊಚ್ಚಿಯಲ್ಲಿ ಒಂದು ದಿನ: ನಡೆದೇ ನೋಡಬಹುದು, ಶನಿವಾರ ಮಾತ್ರ ಬೇಡ

ಶುಕ್ರವಾರ ರಾತ್ರಿ ಬೆಂಗಳೂರಿಂದ ಹೊರಟು, ಶನಿವಾರ ಅಮ್ಮನ ಜೊತೆ ಫೋರ್ಟ್ ಕೊಚ್ಚಿ ನಡೆದೇ ನೋಡಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ನೋಡಬಹುದು. ಆದರೆ ದಯವಿಟ್ಟು ಭಾನುವಾರಕ್ಕೆ ಇಟ್ಟುಕೊಳ್ಳಿ. ಮಟ್ಟಾಂಚೇರಿಯ ಯಹೂದಿ ಪ್ರಾರ್ಥನಾ ಮಂದಿರ ಶನಿವಾರ ನೋಡುಗರಿಗೆ ತೆರೆಯಲ್ಲ. ಅಷ್ಟು ದೂರ ಹೋಗಿ ಅದನ್ನು ಬಿಟ್ಟು ಬರಬಾರದು. 1568ರದು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕಾಲಿಟ್ಟರೆ ನೆಲದ ತುಂಬ ಚೀನಾದಿಂದ ಬಂದ ನೀಲಿ-ಬಿಳಿ ಬಿಲ್ಲೆಗಳು, ಒಂದೊಂದಕ್ಕೂ ಕೈಯಲ್ಲೇ ಬರೆದ ಚಿತ್ತಾರ. ಮೊದಲ ಸಲ ಹೋದಾಗ ನಾನು ಮೇಲಿನ ಗಾಜಿನ ದೀಪಗಳಿಗಿಂತ ನೆಲ ನೋಡಿದ್ದೇ ಹೆಚ್ಚು.

ಎರ್ನಾಕುಲಂನಿಂದ ಆಟೋ ಬೇಡ, ಬೋಟ್ ಹಿಡಿಯಿರಿ. ಇಳಿದು ಸೀದಾ ಮೀನು ಹಿಡಿಯುವ ಚೀನೀ ಬಲೆಗಳ ಹತ್ತಿರ ಹೋಗಿ. ಹಗ್ಗಗಳಿಗೆ ದಪ್ಪ ದಪ್ಪ ಕಲ್ಲು ಕಟ್ಟಿ ಇಳಿಬಿಟ್ಟಿರುತ್ತಾರೆ. ನಾಲ್ಕೈದು ಜನ ಸೇರಿ ಜಗ್ಗಿದರೆ ಕಲ್ಲಿನ ಭಾರಕ್ಕೆ ಇಡೀ ಬಲೆ ನೀರು ಸುರಿಸುತ್ತಾ ಮೇಲೇಳುತ್ತೆ. ಅಮ್ಮನಿಗೆ ಅಲ್ಲೇ ಕೂತು ನೋಡಲಿಕ್ಕೆ ಬಿಡಿ, ಅವಸರ ಮಾಡಬೇಡಿ. ಹೇಗೂ ಭಾನುವಾರ ಬೆಳಿಗ್ಗೆ ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿ ಪ್ರಾರ್ಥನೆ ಇರುತ್ತೆ, ಅದು ಮುಗಿದ ಮೇಲೆ ಹೋಗಿ. ವಾಸ್ಕೋ ಡ ಗಾಮನನ್ನು 1524ರಲ್ಲಿ ಹೂತಿದ್ದು ಇಲ್ಲೇ. ಆಮೇಲೆ ಅವನ ಅವಶೇಷಗಳನ್ನು ಪೋರ್ಚುಗಲ್‌ಗೆ ಒಯ್ದರು.

ಮಟ್ಟಾಂಚೇರಿ ಅಲ್ಲಿಂದ ಎರಡು ಕಿಲೋಮೀಟರಿಗೂ ಮೇಲೆ. ಮಧ್ಯಾಹ್ನದ ಆ ಸೆಕೆ ನಮ್ಮ ಬೆಂಗಳೂರಿನವರಿಗೆ ಕಷ್ಟ, ಅಷ್ಟಕ್ಕೆ ಮಾತ್ರ ಆಟೋ ಮಾಡಿ. ಡಚ್ ಅರಮನೆಯ ಗೋಡೆಗಳ ಮೇಲಿನ ರಾಮಾಯಣದ ಚಿತ್ರಗಳು ಅಮ್ಮನಿಗೆ ಖಂಡಿತ ಹಿಡಿಸುತ್ತವೆ. ಪ್ರಾರ್ಥನಾ ಮಂದಿರ ಅದರ ಹತ್ತಿರವೇ.