ತೀನ್ ಪತ್ತಿ ಆಡಿ ರೂಢಿ ಇರುವವರು ಪೋಕರ್ ಕಲಿಯೋದು ಹೇಗೆ?

ನಿಮ್ಮದು ಸೇಡಂ ಕಡೆ, ಊರಲ್ಲಿ ತೀನ್ ಪತ್ತಿ ಆಡಿ ರೂಢಿ. ಈಗ ಕಲಬುರಗಿಯ ರೂಮಿನಲ್ಲಿ ಗೆಳೆಯರು ಪೋಕರ್‌ನ ಒಂದು ಬಗೆಯಾದ ಟೆಕ್ಸಾಸ್ ಹೋಲ್ಡೆಮ್ ಆಡ್ತಾರೆ. ನೀವು ಸೀಕ್ವೆನ್ಸ್ (ಸಾಲಾಗಿ ಬರುವ ನಂಬರುಗಳು) ತೋರಿಸಿದಾಗ ಇನ್ನೊಬ್ಬರು ಕಲರ್ (ಎಲ್ಲಾ ಒಂದೇ ಗುರುತಿನ ಎಲೆ, ಉದಾಹರಣೆಗೆ ಎಲ್ಲಾ ಇಸ್ಪೀಟ್) ತೋರಿಸಿ ಎಲ್ಲಾ ಎಳೆದುಕೊಂಡರು, ಇದು ಮೋಸವಾ ಅಂತ ಕೇಳಿದ್ದೀರಿ. ದೀಪಾವಳಿಗೆ ಊರಿಗೆ ಹೋದಾಗ ಕಾಕಾನ ಮಗನ ಜೊತೆ ಇಬ್ಬರೇ ಕೂತು ಆಡಬಹುದಾ ಅಂತಲೂ ಕೇಳಿದ್ದೀರಿ.

ಮೋಸ ಏನೂ ಇಲ್ಲ. ಪೋಕರ್‌ನಲ್ಲಿ ಕಲರ್ ದೊಡ್ಡದು, ಸೀಕ್ವೆನ್ಸ್ ಚಿಕ್ಕದು. ನಾನು ಕಲಬುರಗಿಯಲ್ಲೇ ಇರೋದು, ನಮ್ಮ ಭಾನುವಾರದ ಗುಂಪಿಗೆ ಹೊಸಬರು ಬಂದಾಗಲೆಲ್ಲ ಮೊದಲ ಜಗಳ ಇದೇ ವಿಷಯಕ್ಕೆ. ಇಸ್ಪೀಟ್ ಮುಟ್ಟದವರಿಗೆ ಈ ಆಟ ಬೇಗ ಹತ್ತುತ್ತದೆ. ತೀನ್ ಪತ್ತಿಯಲ್ಲಿ ಪಳಗಿದವರಿಗೇ ತ್ರಾಸು ಜಾಸ್ತಿ.

ಯಾಕೆ ಹೀಗೆ ಅನ್ನೋದು ಗೊತ್ತಾದರೆ ಮರೆಯೋದಿಲ್ಲ. ಯಾವ ಕೂಟ ಅಪರೂಪವೋ ಅದಕ್ಕೆ ಬೆಲೆ ಜಾಸ್ತಿ, ಅಷ್ಟೇ. 52 ಎಲೆಯಲ್ಲಿ ಮೂರು ಎಲೆ ತೆಗೆದರೆ ಒಟ್ಟು 22,100 ಬಗೆ ಆಗುತ್ತವೆ. ಅದರಲ್ಲಿ ಬರೀ ಸೀಕ್ವೆನ್ಸ್ 720, ಬರೀ ಕಲರ್ 1,096. ಹಾಗಾಗಿ ತೀನ್ ಪತ್ತಿಯಲ್ಲಿ ಸೀಕ್ವೆನ್ಸ್ ಮೇಲೆ. ಪೋಕರ್ ಐದು ಎಲೆಯ ಲೆಕ್ಕ. ಅಲ್ಲಿ 25,98,960 ಬಗೆ. ಸೀಕ್ವೆನ್ಸ್ 10,200 ಸಲ ಸಿಗುತ್ತದೆ, ಕಲರ್ 5,108 ಸಲ ಮಾತ್ರ. ಐದೂ ಎಲೆ ಒಂದೇ ಬಣ್ಣದ್ದು ಸಿಗೋದು ಕಷ್ಟ ಅಲ್ವಾ? ಅದಕ್ಕೇ ಅದು ಮೇಲೆ ಹೋಯಿತು. ಇನ್ನು ನಿಮ್ಮ ಪ್ರೀತಿಯ ಟ್ರಯಲ್ ಗತಿ ಕೇಳಿ. ಒಂದೇ ನಂಬರಿನ ಮೂರು ಎಲೆ ಇರುವ ಕೂಟ ಇಲ್ಲಿ 54,912. ಹೀಗಾಗಿ ಅದು ಸೀಕ್ವೆನ್ಸ್‌ಗಿಂತಲೂ ಕೆಳಗೆ. (ತೀನ್ ಪತ್ತಿಯೂ ಈ ಲೆಕ್ಕವನ್ನು ಪೂರ್ತಿ ಪಾಲಿಸೋದಿಲ್ಲ. ಟ್ರಯಲ್ 52 ಬಗೆ, ಪ್ಯೂರ್ ಸೀಕ್ವೆನ್ಸ್ (ಒಂದೇ ಬಣ್ಣದ ಸೀಕ್ವೆನ್ಸ್) 48. ಆದರೂ ಟ್ರಯಲ್‌ಗೇ ಮೇಲಿನ ಕುರ್ಚಿ.)

ಕೆಳಗಿನಿಂದ ಮೇಲಕ್ಕೆ ಹೀಗೆ ನೆನಪಿಡಿ: ಏನೂ ಕೂಡದಿದ್ದರೆ ದೊಡ್ಡ ಎಲೆ, ಆಮೇಲೆ ಒಂದು ಜೋಡಿ, ಎರಡು ಜೋಡಿ, ಒಂದೇ ನಂಬರಿನ ಮೂರು, ಸೀಕ್ವೆನ್ಸ್, ಕಲರ್, ಮೂರು ಮತ್ತು ಜೋಡಿ ಸೇರಿದ ಫುಲ್ ಹೌಸ್, ಒಂದೇ ನಂಬರಿನ ನಾಲ್ಕು, ಕೊನೆಗೆ ಒಂದೇ ಬಣ್ಣದ ಸೀಕ್ವೆನ್ಸ್. ಅದರಲ್ಲೂ 10ರಿಂದ ಎಕ್ಕದವರೆಗೆ ಬಂದರೆ ರಾಯಲ್ ಫ್ಲಶ್, ಅದಕ್ಕಿಂತ ಮೇಲೆ ಏನೂ ಇಲ್ಲ. ಒಂದು ಚೀಟಿಯಲ್ಲಿ ಬರೆದು ಪಕ್ಕದಲ್ಲಿ ಇಟ್ಟುಕೊಳ್ಳಿ. ಯಾರೂ ನಗೋದಿಲ್ಲ, ನಕ್ಕರೆ ನಗಲಿ. ಎಕ್ಕ-2-3 ತೀನ್ ಪತ್ತಿಯಲ್ಲಿ ಭಾರಿ ಸೀಕ್ವೆನ್ಸ್. ಇಲ್ಲಿ ಎಕ್ಕ-2-3-4-5 ಎಲ್ಲಕ್ಕಿಂತ ಚಿಕ್ಕ ಸೀಕ್ವೆನ್ಸ್. ರಾಣಿ-ರಾಜ-ಎಕ್ಕ-2-3 ಅಂತ ಸುತ್ತು ಹಾಕೋಕೂ ಬರೋದಿಲ್ಲ.

ಈಗ ಆಟ. ಪ್ರತಿಯೊಬ್ಬರಿಗೂ ಮುಚ್ಚಿದ ಎರಡು ಎಲೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆ ಬಿಚ್ಚುತ್ತಾರೆ: ಮೊದಲು ಮೂರು ಒಟ್ಟಿಗೆ (ಫ್ಲಾಪ್), ಆಮೇಲೆ ಒಂದು (ಟರ್ನ್), ಕೊನೆಗೆ ಇನ್ನೊಂದು (ರಿವರ್). ಈ ಏಳರಲ್ಲಿ ನಿಮ್ಮ ಅತ್ಯುತ್ತಮ ಐದು ಲೆಕ್ಕಕ್ಕೆ. ಕೈಯಲ್ಲಿರುವ ಎರಡನ್ನೂ ಬಳಸಲೇಬೇಕು ಅಂತ ಇಲ್ಲ.

ತೀನ್ ಪತ್ತಿಯಲ್ಲಿ ಎಲೆ ಹಂಚುವ ಮೊದಲು ಇಡುವ ಬೂಟ್ ಇಲ್ಲಿ ಎಲ್ಲರೂ ಹಾಕೋದಿಲ್ಲ. ಹಂಚುವವನ ಎಡಕ್ಕೆ ಕೂತವನು ಸ್ಮಾಲ್ ಬ್ಲೈಂಡ್, ಅವನ ಪಕ್ಕದವನು ಅದರ ಎರಡರಷ್ಟು ಬಿಗ್ ಬ್ಲೈಂಡ್ ಮೊದಲೇ ಇಡಬೇಕು. ಹಂಚುವ ಸರದಿ ಪ್ರತಿ ಆಟಕ್ಕೂ ಎಡಕ್ಕೆ ಸರಿಯುತ್ತದೆ, ಹಾಗಾಗಿ ಆ ಭಾರ ಎಲ್ಲರಿಗೂ ಬರುತ್ತದೆ. ಎಲೆ ನೋಡದೆ ಅರ್ಧ ಚಾಲ್ ಹಾಕುವ ತೀನ್ ಪತ್ತಿಯ ಸೌಲಭ್ಯ ಇಲ್ಲಿಲ್ಲ. ಎಲ್ಲರೂ ನೋಡಿಯೇ ಆಡೋದು. ನಿಮ್ಮ ಸರದಿ ಬಂದಾಗ ಪ್ಯಾಕ್ ಮಾಡಬಹುದು (ಎಲೆ ಬಿಟ್ಟು ಆ ಆಟದಿಂದ ಹೊರಗೆ), ಹಿಂದಿನವರು ಇಟ್ಟಷ್ಟೇ ಇಡಬಹುದು, ಏರಿಸಬಹುದು. ಯಾರೂ ಏನೂ ಇಟ್ಟಿಲ್ಲವಾದರೆ 'ಚೆಕ್' ಅಂದು ಸುಮ್ನೆ ಮುಂದಕ್ಕೆ ಬಿಡಬಹುದು. ಎಲ್ಲರದೂ ಸರಿಸಮ ಆದಮೇಲೆ ಮುಂದಿನ ಎಲೆ.

ಒಂದು ಆಟ ಆಡಿಯೇ ನೋಡೋಣ. ನಾಲ್ವರು, ಬ್ಲೈಂಡ್ 1 ಮತ್ತು 2. ಸ್ಮಾಲ್ ಬ್ಲೈಂಡ್‌ನಲ್ಲಿ ನಿಮ್ಮ ಗೆಳೆಯ, ಅವನ ಕೈಯಲ್ಲಿ ಇಸ್ಪೀಟ್ ಎಕ್ಕ, ಇಸ್ಪೀಟ್ 4. ಬಿಗ್ ಬ್ಲೈಂಡ್‌ನಲ್ಲಿ ನೀವು, ಆಟೀನ್ ಗುಲಾಮ, ಆಟೀನ್ 10. ನಿಮ್ಮ ಎಡಕ್ಕೆ ಇರುವವನ ಹತ್ತಿರ ಎರಡು 8. ಮೊದಲ ಸುತ್ತಿನಲ್ಲಿ ಬಿಗ್ ಬ್ಲೈಂಡ್ ಪಕ್ಕದವನೇ ಮೊದಲು ಮಾತಾಡೋದು. ಅವನು 6ಕ್ಕೆ ಏರಿಸಿದ. ಹಂಚಿದವನು ಪ್ಯಾಕ್. ನೀವು, ಗೆಳೆಯ ಇಬ್ಬರೂ 6ಕ್ಕೆ ಕೂಡಿಸಿದಿರಿ. ನಡುವೆ 18.

ಫ್ಲಾಪ್: ಇಸ್ಪೀಟ್ 7, ಡೈಮಂಡ್ 8, ಇಸ್ಪೀಟ್ 2. ಎರಡು 8 ಇದ್ದವನಿಗೆ ಈಗ ಮೂರು 8. ಇಲ್ಲಿಂದ ಮುಂದೆ ಹಂಚಿದವನ ಎಡದವನೇ ಪ್ರತಿ ಸುತ್ತಿನಲ್ಲೂ ಮೊದಲು. ಗೆಳೆಯ ಚೆಕ್, ನೀವು ಚೆಕ್, ಮೂರನೆಯವನು 10 ಇಟ್ಟ. ಗೆಳೆಯನಿಗೆ ನಾಲ್ಕು ಇಸ್ಪೀಟ್ ಕೂಡಿವೆ, ಇನ್ನೊಂದು ಬೇಕು. ಅವನಿಗೆ ಕಾಣದ ಎಲೆಗಳಲ್ಲಿ 9 ಇಸ್ಪೀಟ್ ಇವೆ, ಎರಡು ಎಲೆ ಬರೋದಿದೆ. ಕಲರ್ ಕೂಡುವ ಸಾಧ್ಯತೆ ಸುಮಾರು 35%. ಇಡೋದರಲ್ಲಿ ಅರ್ಥ ಇದೆ. ನಿಮಗೆ ಸೀಕ್ವೆನ್ಸ್ ಆಗಬೇಕಾದರೆ 9 ಒಂದೇ ದಾರಿ, ಅದು ನಾಲ್ಕೇ ಎಲೆ. ನನ್ನ ಕೇಳಿದರೆ ಇಲ್ಲಿ ಪ್ಯಾಕ್ ಮಾಡೋದೇ ಜಾಣತನ. ಆದರೆ ಇಟ್ಟಿರಿ ಅಂದುಕೊಳ್ಳಿ. ನಡುವೆ 48.

ಟರ್ನ್‌ನಲ್ಲಿ ಕಳಾವರ್ 9 ಬಂತು! ನಿಮ್ಮದು 7-8-9-10-ಗುಲಾಮ. ಗೆಳೆಯ ಮತ್ತೆ ಚೆಕ್, ನೀವು 20 ಇಟ್ಟಿರಿ, ಇಬ್ಬರೂ ಕೂಡಿಸಿದರು. 108. ರಿವರ್: ಇಸ್ಪೀಟ್ ರಾಜ. ಗೆಳೆಯ 30 ಇಟ್ಟ, ನೀವಿಬ್ಬರೂ ಬಿಡಲಿಲ್ಲ. ಒಟ್ಟು 198.

ತೀನ್ ಪತ್ತಿ ಕಣ್ಣಿನಿಂದ ನೋಡಿದರೆ ಮೂರು 8 ಮೊದಲು, ನಿಮ್ಮ ಸೀಕ್ವೆನ್ಸ್ ಎರಡನೆಯದು, ಗೆಳೆಯನ ಕಲರ್ ಕೊನೆ. ಪೋಕರ್‌ನಲ್ಲಿ ಪೂರ್ತಿ ತಿರುಗಾಮುರುಗಾ, 198 ಗೆಳೆಯನಿಗೆ. ನಿಮ್ಮ ರೂಮಿನಲ್ಲಿ ಆಗಿದ್ದೂ ಇಂಥದ್ದೇ ಇರಬೇಕು. ನೋಡಬೇಕಾದದ್ದು ನಡುವಿನ ಎಲೆ. ಅಲ್ಲಿ ಮೂರು ಇಸ್ಪೀಟ್ ಬಿದ್ದಿದ್ದು ನಿಮಗೂ ಕಾಣ್ತಿತ್ತು. ಅಲ್ಲಿಯವರೆಗೆ ಚೆಕ್ ಮಾಡ್ತಿದ್ದವನು ಮೂರನೇ ಇಸ್ಪೀಟ್ ಬಿದ್ದ ಕೂಡಲೇ ಎದ್ದು ಕೂತು 30 ಇಟ್ಟ ಅಂದರೆ ಯೋಚನೆ ಮಾಡಬೇಕಿತ್ತು. ತೀನ್ ಪತ್ತಿಯಲ್ಲಿ ಎದುರಿನವನ ಮುಖ ಬಿಟ್ಟರೆ ನೋಡೋಕೆ ಏನೂ ಇಲ್ಲ. ಇಲ್ಲಿ ಅವನ ಏಳು ಎಲೆಯಲ್ಲಿ ಐದು ನಿಮ್ಮ ಮುಂದೆಯೇ ಇರುತ್ತವೆ. ಈ ಆಟದ ರುಚಿ ಇರೋದೇ ಅಲ್ಲಿ.

ಸರಿಸಮ ಬಂದರೆ ಏನು? ಇಬ್ಬರಿಗೂ ರಾಜನ ಜೋಡಿ ಇದ್ದರೆ ಉಳಿದ ಮೂರು ಎಲೆಯಲ್ಲಿ ದೊಡ್ಡದು ಯಾರದೋ ಅವರದು ಗೆಲುವು. ಐದೂ ಸಮ ಆದರೆ ಅರ್ಧರ್ಧ ಹಂಚಿಕೊಳ್ಳಬೇಕು. ಇಸ್ಪೀಟ್ ದೊಡ್ಡದು, ಕಳಾವರ್ ಚಿಕ್ಕದು ಅನ್ನೋ ವಾದ ಹೋಲ್ಡೆಮ್‌ನಲ್ಲಿ ನಡೆಯೋದಿಲ್ಲ. ಯಾರದಾದರೂ ಖಾಲಿ ಆಗ್ತಾ ಬಂದರೆ ಇದ್ದಷ್ಟನ್ನೂ ಇಟ್ಟು ಆಲ್ ಇನ್ ಅನ್ನಬಹುದು. ಆದರೆ ಅವನು ಗೆದ್ದರೂ ಪ್ರತಿಯೊಬ್ಬರಿಂದ ತಾನು ಇಟ್ಟಷ್ಟೇ ಪಡೆಯಬಹುದು. ಅದಕ್ಕಿಂತ ಹೆಚ್ಚು ಬಿದ್ದದ್ದನ್ನು ಬೇರೆ ಗುಂಪು ಮಾಡಿ, ಉಳಿದವರ ನಡುವೆ ತೀರ್ಮಾನ ಮಾಡ್ತಾರೆ.

ಮೊಬೈಲ್‌ನಲ್ಲಿ ಹಣ ಹಾಕಿ ಕಲಿಯೋ ಯೋಚನೆ ಇದ್ದರೆ ಬಿಟ್ಟುಬಿಡಿ. ಆನ್‌ಲೈನ್‌ನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸುವ ಕಾನೂನನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸ್ ಮಾಡಿದೆ. ಕೌಶಲದ ಆಟ, ಅದೃಷ್ಟದ ಆಟ ಅನ್ನೋ ಭೇದ ಅದರಲ್ಲಿಲ್ಲ. ಮನೆಯಲ್ಲೂ ಹಣ ಬೇಡ, ನಮ್ಮ ಜಿಲ್ಲೆಯಲ್ಲಿ ತೊಗರಿಗೇನು ಬರ? ಒಂದು ತೊಗರಿ ಕಾಳು 1, ಒಂದು ಹುಣಸೆ ಬೀಜ 10 ಅಂತ ಇಟ್ಟುಕೊಂಡು ಒಬ್ಬೊಬ್ಬರಿಗೆ 100ರಷ್ಟು ಹಂಚಿ. ಆದರೆ ಕಾಳು ಮುಗಿದವನು ಹೊರಗೆ ಅಂತ ಮೊದಲೇ ಮಾತಾಡಿಕೊಳ್ಳಿ. ಇಲ್ಲದಿದ್ದರೆ ಎಲ್ಲರೂ ಪ್ರತಿ ಆಟಕ್ಕೂ ಕೊನೆಯವರೆಗೆ ಇರ್ತಾರೆ, ಯಾರೂ ಪ್ಯಾಕ್ ಮಾಡೋದು ಕಲಿಯೋದಿಲ್ಲ.

ಕಾಕಾನ ಮಗನ ಜೊತೆ ಇಬ್ಬರೇ ಖಂಡಿತ ಆಡಬಹುದು. ಒಂದು ನಿಯಮ ಮಾತ್ರ ಬದಲಾಗುತ್ತದೆ: ಹಂಚಿದವನೇ ಸ್ಮಾಲ್ ಬ್ಲೈಂಡ್ ಇಡಬೇಕು. ಫ್ಲಾಪ್‌ಗೆ ಮುಂಚೆ ಅವನು ಮೊದಲು ಮಾತಾಡ್ತಾನೆ, ಫ್ಲಾಪ್ ಆದಮೇಲೆ ಪ್ರತಿ ಸುತ್ತಿನಲ್ಲೂ ಕೊನೆಗೆ. ಇಬ್ಬರೇ ಇರುವಾಗ ಒಂದು ಎಕ್ಕ ಇದ್ದರೂ ಒಳ್ಳೆಯ ಕೈಯೇ, ನಾಲ್ವರ ಆಟದಷ್ಟು ಕಾಯುತ್ತಾ ಕೂರಬೇಡಿ.