ಸವಾಕೊ ಮಾತಾಡುತ್ತಾಳೆ, ಕೇಳಿಸಿಕೊಳ್ಳಿ

ನಮಸ್ಕಾರ.

‘ಕಿಮಿ ನಿ ತೊದೊಕೆ’ ಎಂಬ ಜಪಾನಿ ಆನಿಮೆಯ (ಆನಿಮೇಷನ್ ಸರಣಿಯ) ನಾಯಕಿ ಕುರೊನುಮಾ ಸವಾಕೊ ಕುರಿತು ನೀವು ಕಳಿಸಿದ ‘ಮೌನ ಬಂಗಾರ’ ಲೇಖನವನ್ನು ಎರಡು ಸಲ ಓದಿದೆವು. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡಲೂ ಮನಸ್ಸಿಲ್ಲ. ಐದನೇ ಪುಟದಲ್ಲಿ ಚಾಕೊಲೇಟ್ ಪ್ರಸಂಗದ ಬಗ್ಗೆ ನೀವು ಬರೆದ ಆರು ಸಾಲು ನಿಜಕ್ಕೂ ಚೆನ್ನಾಗಿವೆ. ಅದಕ್ಕೇ ಇಷ್ಟು ಉದ್ದದ ಉತ್ತರ.

ದೊಡ್ಡ ತೊಡಕು ಲೇಖನದ ತಳಪಾಯದಲ್ಲೇ ಇದೆ. ‘ಮಾತು ಬೆಳ್ಳಿ, ಮೌನ ಬಂಗಾರ’ ಎಂಬ ಗಾದೆಯಿಂದ ಶುರುಮಾಡಿ, ಸಹನೆ, ತ್ಯಾಗ, ಭೂಮಿತಾಯಿ ಅಂತ ಸಾಗಿ, ಮೌನವೇ ಅವಳ ಶಕ್ತಿ ಎಂದು ಮುಗಿಸಿದ್ದೀರಿ. ಕಥೆ ಹೇಳುವುದು ಇದಕ್ಕೆ ತದ್ವಿರುದ್ಧ. ಹೆಸರನ್ನೇ ನೋಡಿ: ‘ನಿನಗೆ ತಲುಪಲಿ’. ಮನಸ್ಸಿನಲ್ಲಿದ್ದದ್ದು ಇನ್ನೊಬ್ಬರಿಗೆ ತಲುಪದೆ ಹೋದರೆ ಏನಾಗುತ್ತದೆ ಅನ್ನುವುದೇ ಇಲ್ಲಿನ ಎಳೆ.

ನಿಮ್ಮದೇ ಆರು ಸಾಲಿಗೆ ಬನ್ನಿ. ಫೆಬ್ರವರಿ 14ಕ್ಕೆ ಸವಾಕೊ ಕೈಯಾರೆ ಚಾಕೊಲೇಟ್ ಮಾಡುತ್ತಾಳೆ. ಜಪಾನಿನಲ್ಲಿ ಆ ದಿನ ಕೊಡುವವರು ಹುಡುಗಿಯರು. ಅದರಲ್ಲೂ ‘ಗಿರಿ’ ಎಂದರೆ ಮರ್ಯಾದೆಗೆ ಕೊಡುವುದು, ‘ಹೊನ್‌ಮೆಯ್’ ಎಂದರೆ ಮನಸ್ಸು ಕೊಟ್ಟವರಿಗೆ ಕೊಡುವುದು. ಗೆಳೆಯರಿಗೆ ಕೊಡಲು ಅವಳಿಗೆ ಕಷ್ಟವಾಗುವುದಿಲ್ಲ. ಅವಳು ಮನಸ್ಸು ಕೊಟ್ಟ ಸಹಪಾಠಿ ಕಜೆಹಾಯಾಗೆಂದು ಮಾಡಿದ್ದು ಮಾತ್ರ ಅವಳ ಬಳಿಯೇ ಉಳಿಯುತ್ತದೆ, ಏಕೆಂದರೆ ಅದು ಮರ್ಯಾದೆಯ ಚಾಕೊಲೇಟ್ ಅಲ್ಲ. ಅವನ ಕಣ್ಣಿಗೆ ಕಾಣುವುದೇನು? ಬೇರೆಯವರಿಗೆ ಸಿಕ್ಕಿತು, ತನಗೊಬ್ಬನಿಗೆ ಸಿಗಲಿಲ್ಲ. ಎಲ್ಲರಿಗಿಂತ ಹೆಚ್ಚು ಪ್ರೀತಿ ಇದ್ದ ಕಡೆಯೇ ಎಲ್ಲರಿಗಿಂತ ಕಡಿಮೆ ತಲುಪಿತು. ಎರಡನೇ ಸರಣಿಯ ತಪ್ಪುತಿಳಿವಳಿಕೆಯೆಲ್ಲ ಬೆಳೆಯುವುದು ಇಲ್ಲಿಂದ. ಇದನ್ನು ಕಂಡ ನೀವೇ ಮುಂದಿನ ಪುಟದಲ್ಲಿ ‘ಮೌನವೇ ಶಕ್ತಿ’ ಎಂದರೆ ಓದುಗ ಯಾವುದನ್ನು ನಂಬಬೇಕು? ಶಾಲಾ ಉತ್ಸವದ ಹೊತ್ತಿನಲ್ಲಿ ಅವಳೇ ಅವನ ಬಳಿ ಹೋಗಿ ಬಾಯಿಬಿಟ್ಟು ‘ಇಷ್ಟ’ ಎನ್ನುವ ತನಕ ಗಂಟು ಬಿಚ್ಚುವುದಿಲ್ಲ. ಆ ದೃಶ್ಯ ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ.

ಇನ್ನೊಂದು ತಪ್ಪು ನೋಡುವ ಬಗೆಯಿಂದ ಆದದ್ದು. ಮೊದಲ ಕಂತಿನ ರಾತ್ರಿಯ ಧೈರ್ಯಪರೀಕ್ಷೆಯಲ್ಲಿ ಅವಳು ಕಜೆಹಾಯಾಗೆ ‘ಹೇಳಿದ’ ನಾಲ್ಕು ಸಾಲು ಕೊಟ್ಟಿದ್ದೀರಿ. ಅದರಲ್ಲಿ ಮೂರು ಅವಳು ಹೇಳಿದ್ದೇ ಅಲ್ಲ, ಮನಸ್ಸಿನೊಳಗಿನ ಮಾತು. ಸಬ್‌ಟೈಟಲ್ ಓದುತ್ತ ಹೋದರೆ ಹೀಗಾಗುತ್ತದೆ: ಎರಡೂ ಒಂದೇ ಜಾಗದಲ್ಲಿ, ಪರದೆಯ ಕೆಳಗೆ ಬರುತ್ತವೆ. ತುಟಿ ನೋಡಿ. ತುಟಿ ಅಲುಗದೆ ಮಾತು ಕೇಳಿಸಿದರೆ ಅದು ನಮಗೆ ಮಾತ್ರ ಕೇಳಿಸುತ್ತಿದೆ, ಅವನಿಗಲ್ಲ. ಹುಡುಗಿಯರಿಗಾಗಿ ಬರೆಯುವ ಜಪಾನಿ ಕಾಮಿಕ್ಸ್, ಅಂದರೆ ಶೋಜೊ ಮಾಂಗಾದಲ್ಲಿ ಇಂಥ ಮಾತನ್ನು ಮಾತಿನ ಗುಳ್ಳೆಯ ಹೊರಗೆ, ಚಿತ್ರದ ಮೇಲೆಯೇ ಬರೆಯುವ ರೂಢಿ. ಆನಿಮೆಯಲ್ಲಿ ಅದು ಹಿನ್ನೆಲೆಯ ದನಿಯಾಗುತ್ತದೆ. ಒಂದು ಕಂತನ್ನು ಎದುರಿಗಿಟ್ಟುಕೊಂಡು ಹಾಳೆಯಲ್ಲಿ ಎರಡು ಕಲಂ ಎಳೆಯಿರಿ, ಬಾಯಿಂದ ಬಂದದ್ದು ಎಡಕ್ಕೆ, ಮನಸ್ಸಿನದ್ದು ಬಲಕ್ಕೆ. ಬಲಗಡೆ ಎಷ್ಟು ತುಂಬುತ್ತದೆ ಎಂದು ನೋಡಿದ ಮೇಲೆ ‘ಮಾತಿಲ್ಲದ ಹುಡುಗಿ’ ಎಂದು ನೀವು ಬರೆಯಲಾರಿರಿ.

ಆ ದನಿ ನೊತೊ ಮಾಮಿಕೊ ಅವರದು. ‘ಇಂಪಾದ ಕಂಠ’ ಎಂದಷ್ಟೇ ಬರೆದು ಮುಂದೆ ಹೋಗಿದ್ದೀರಿ. 2005ರಲ್ಲಿ ಶುರುವಾದ ‘ಜಿಗೊಕು ಶೋಜೊ’ ಆನಿಮೆಯಲ್ಲಿ ಜನರನ್ನು ನರಕಕ್ಕೆ ಕಳಿಸುವ ಹುಡುಗಿ ಎನ್ಮಾ ಐಗೆ ದನಿ ಕೊಟ್ಟವರೂ ಇವರೇ. ಸಹಪಾಠಿಗಳು ದೆವ್ವವೆಂದು ಹೆದರುವ ಹುಡುಗಿಗೆ ಇದೇ ದನಿ ಎಷ್ಟು ಒಪ್ಪುತ್ತದೆ! ಇಂಥದ್ದು ಒಂದು ಸಾಲು ಬಂದರೆ ಹತ್ತು ವಿಶೇಷಣ ಬೇಕಾಗುವುದಿಲ್ಲ.

ಹೆಸರಿನ ವಿಷಯಕ್ಕೆ ಬಂದರೆ, ಮೂರನೇ ಪುಟದಲ್ಲಿ ಎರಡು ಕಡೆ ‘ಸದಾಕೊ’ ಎಂದಾಗಿದೆ. ಬೇರೆ ಲೇಖನದಲ್ಲಾದರೆ ಕಾಗುಣಿತದ ತಪ್ಪು ಎಂದು ತಿದ್ದಿ ಮುಂದೆ ಹೋಗುತ್ತಿದ್ದೆವು. ಇಲ್ಲಿ ಅದೇ ಅವಳ ಗಾಯ. ಸದಾಕೊ ಎಂದರೆ 1998ರ ‘ರಿಂಗು’ ಚಿತ್ರದಲ್ಲಿ ಉದ್ದ ಕೂದಲು ಇಳಿಬಿಟ್ಟುಕೊಂಡು ಟಿವಿಯಿಂದ ಹೊರಬರುವ ಪ್ರೇತ. ಒಂದಕ್ಷರ ಬದಲಿಸಿ ತರಗತಿ ಇವಳಿಗೆ ಆ ಹೆಸರು ಅಂಟಿಸಿದೆ. ಸವಾಕೊ ಹೆಸರಿನ ಮೊದಲ ಚಿತ್ರಾಕ್ಷರಕ್ಕೆ ತಾಜಾತನ, ಹಿತವಾದ ತಂಪು ಎಂಬ ಅರ್ಥ. ‘ದ’ ಮತ್ತು ‘ವ’ ನಡುವಿನ ಈ ದೂರವನ್ನು ಕನ್ನಡ ಲಿಪಿಯಲ್ಲಿ ಕಣ್ಣಿಗೆ ಕಾಣಿಸಬಹುದು. ಲೇಖನ ಪೂರ್ತಿ ‘ಟೊಡೊಕೆ’ ಎಂದು ಬರೆದದ್ದನ್ನೂ ತಿದ್ದಿ. ಇಂಗ್ಲಿಷ್ ಕಾಗುಣಿತದಿಂದ ಎತ್ತಿಕೊಂಡರೆ ಟ, ಡ ನುಸುಳುತ್ತವೆ. ಜಪಾನಿ ಉಚ್ಚಾರಕ್ಕೆ ನಮ್ಮ ತ, ದ ಹತ್ತಿರ.

ಸಂಬೋಧನೆಯಲ್ಲಿ ನೀವು ಒಳ್ಳೆಯ ಅವಕಾಶವೊಂದನ್ನು ಕಳೆದುಕೊಂಡಿದ್ದೀರಿ. ಶೌಚಾಲಯದ ದೃಶ್ಯ ನೆನಪಿಸಿಕೊಳ್ಳಿ. ಸವಾಕೊಗೆ ಹತ್ತಿರವಾಗುತ್ತಿದ್ದ ಸಹಪಾಠಿಗಳಾದ ಯಾನೊ ಮತ್ತು ಯೋಶಿದಾ ಬಗ್ಗೆ ಹೊಲಸು ವದಂತಿ ಹಬ್ಬಿದೆ, ಹಬ್ಬಿಸಿದವಳು ಸವಾಕೊ ಎಂದೂ ಸುದ್ದಿಯಿದೆ. ತನ್ನಿಂದ ಅವರಿಗೆ ಕೆಟ್ಟ ಹೆಸರು ಬರದಿರಲಿ ಎಂದು ದೂರ ಸರಿದಿದ್ದ ಅವಳು, ಆ ಇಬ್ಬರನ್ನು ಆಡಿಕೊಳ್ಳುತ್ತಿದ್ದ ಹುಡುಗಿಯರಿಗೆ ಎದುರು ನಿಂತು ಆ ಮಾತು ವಾಪಸು ತೆಗೆದುಕೊಳ್ಳಿ ಎನ್ನುತ್ತಾಳೆ. ಅಲ್ಲಿಯವರೆಗೆ ಮನೆತನದ ಹೆಸರಿಗೆ ಗೌರವದ ‘ಸಾನ್’ ಸೇರಿಸಿ ‘ಯಾನೊ-ಸಾನ್’, ‘ಯೋಶಿದಾ-ಸಾನ್’ ಎನ್ನುತ್ತಿದ್ದವಳ ಬಾಯಲ್ಲಿ ಆಮೇಲೆ ಅವರ ಸ್ವಂತ ಹೆಸರಿಗೆ ಸಲಿಗೆಯ ‘ಚಾನ್’ ಸೇರಿ ‘ಅಯಾನೆ-ಚಾನ್’, ‘ಚಿಜು-ಚಾನ್’ ಬರುತ್ತದೆ. ನಿಮ್ಮ ಅನುವಾದದಲ್ಲಿ ಎರಡೂ ಕಡೆ ‘ನೀನು’. ಮೊದಲು ‘ಯಾನೊ ಅವರೇ, ನೀವು’ ಎನ್ನಿಸಿ, ಆಮೇಲೆ ‘ಅಯಾನೆ, ನೀನು’ ಎನ್ನಿಸಿ. ಬಹುವಚನ ಕರಗಿದ ಆ ಕ್ಷಣವನ್ನು ಕನ್ನಡದ ಓದುಗನಿಗೆ ಯಾರೂ ವಿವರಿಸಬೇಕಿಲ್ಲ.

ಮಾಹಿತಿ: ‘ಎರಡೇ ಸರಣಿ’ ಎಂಬುದು ಹಳೆಯ ಮಾತು. ಪ್ರೊಡಕ್ಷನ್ ಐ.ಜಿ. ತಯಾರಿಸಿದ ಮೊದಲ ಸರಣಿ 2009ರ ಅಕ್ಟೋಬರ್‌ನಿಂದ 2010ರ ಮಾರ್ಚ್‌ವರೆಗೆ 25 ಕಂತು. ಎರಡನೆಯದು 2011ರಲ್ಲಿ, ಮೂರನೆಯದು 2024ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ. ಶೀನಾ ಕರುಹೊ ಅವರ ಮೂಲ ಮಾಂಗಾ 30 ಸಂಪುಟಗಳಲ್ಲಿ 2017ಕ್ಕೆ ಮುಗಿಯಿತು.

ಈಗ ಕತ್ತರಿ. 1,800 ಪದಗಳಲ್ಲಿ ಸುಮಾರು 1,100 ಕಥಾಸಾರಕ್ಕೇ ಹೋಗಿದೆ. ಅದನ್ನು 80 ಪದಕ್ಕೆ ಇಳಿಸಿ. ಭೂಮಿತಾಯಿಯ ಪ್ಯಾರಾ ಪೂರ್ತಿ ಹೋಗಲಿ. ಕಜೆಹಾಯಾನ ಗುಣಗಾನ ಎರಡು ಸಾಲು ಸಾಕು. ಮೂರೇ ದೃಶ್ಯ ಇಟ್ಟುಕೊಳ್ಳಿ: ಚಾಕೊಲೇಟ್, ಶೌಚಾಲಯ, ಮತ್ತು ಕಜೆಹಾಯಾನನ್ನು ಒಲಿಸಿಕೊಳ್ಳಲು ನೆರವಾಗು ಎಂದು ಕುರುಮಿ ಎಂಬ ಇನ್ನೊಬ್ಬ ಹುಡುಗಿ ಕೇಳಿದಾಗ ಸವಾಕೊ ಆಗದು ಎನ್ನುವುದು. ಪ್ರತಿ ದೃಶ್ಯವನ್ನೂ ಒಮ್ಮೆ ದನಿ ಮುಚ್ಚಿ ನೋಡಿ. ಅವಳ ಮುಖ ಎರಡು ಬಗೆಯಲ್ಲಿ ಬಿಡಿಸಿದ್ದು ಆಗ ಎದ್ದು ಕಾಣುತ್ತದೆ: ಹೊಳೆವ ಕಣ್ಣಿನ ತುಂಬು ಮುಖ ಒಂದು, ಚುಕ್ಕೆ ಕಣ್ಣಿನ ಪುಟ್ಟ ಮುಖ ಇನ್ನೊಂದು. ಯಾವುದು ಯಾವಾಗ ಬರುತ್ತದೆ ಎಂದು ಗುರುತು ಹಾಕಿಕೊಳ್ಳಿ. ‘ಅದ್ಭುತ ಆನಿಮೇಷನ್’ ಎಂದಿರುವ ಜಾಗದಲ್ಲಿ ಅದನ್ನೇ ಬರೆಯಬಹುದು.

900 ಪದದೊಳಗೆ, ಚಾಕೊಲೇಟ್ ಇನ್ನೂ ಅವಳ ಬಳಿಯೇ ಇರುವಲ್ಲಿಂದ ಶುರುಮಾಡಿ, ಹೊಸ ಶೀರ್ಷಿಕೆಯೊಂದಿಗೆ ಮತ್ತೆ ಕಳಿಸಿ. ಕಾಯುತ್ತಿರುತ್ತೇವೆ.

— ಸಂಪಾದಕರು